ಗುನುಗುವ ಹಾಸಿಗೆ

ಊರಿಗೆಲ್ಲ ನಿದ್ದೆ ಹೊಲಿದು ಕೊಡುವ ಆ ಮನೆಯಲ್ಲಿ ನೆಟ್ಟಗೆ ನಿದ್ದೆ ಮಾಡುತ್ತಿದ್ದವರು ಅಜ್ಜಿ ಒಬ್ಬರೇ. ಅದೂ ಹಗಲು ಹೊತ್ತಿನಲ್ಲಿ. ಕೆಳಗೆ ಹಾಸಿಗೆ ಅಂಗಡಿ, ಅದರ ಹಿಂದೆ ಅಡಿಗೆಮನೆ, ಮೇಲೆ ಹತ್ತಿ ತುಂಬುವ ಅಟ್ಟ. ಹತ್ತಿ ಹಿಂಜುವ ಯಂತ್ರ ಶುರುವಾಯಿತೆಂದರೆ ಅರಳೆಯ ಎಳೆಗಳು ಮೇಲೆದ್ದು, ಬಿಸಿಲುಕೋಲಿನಲ್ಲಿ ಈಜಿ, ಯಾವ ಆತುರವೂ ಇಲ್ಲದೆ ಎಲ್ಲರ ಹುಬ್ಬಿನ ಮೇಲೆ, ಹೆಗಲ ಮೇಲೆ, ಹಾಲಿನ ಪಾತ್ರೆಯ ಮೇಲೆ ಬಂದು ಕೂರುತ್ತಿದ್ದವು. ಆ ಮನೆಗೆ ಸೊಸೆಯಾಗಿ ಬಂದವಳಿಗೆ ಮೊದಲ ವರ್ಷ, ತಾನು ಮೋಡದೊಳಗೆ ಸಂಸಾರ ಹೂಡಿದ್ದೇನೆ ಅನ್ನಿಸಿತ್ತು. ಎರಡನೆಯ ವರ್ಷ ಕೆಮ್ಮು ಶುರುವಾಯಿತು.

ಅಜ್ಜಿಯ ಹಾಸಿಗೆ ಅಂಗಡಿಯ ಮೂಲೆಯಲ್ಲೇ ಇತ್ತು. ಗಿರಾಕಿಗಳು ಅದನ್ನು ಮಾದರಿಗೆ ಇಟ್ಟದ್ದೆಂದು ತಿಳಿದು, ಮೇಲೆ ಮಲಗಿದ ಅಜ್ಜಿಯನ್ನೂ ಸೇರಿಸಿ ಮೆಚ್ಚಿಕೊಳ್ಳುತ್ತಿದ್ದರು. ಅಜ್ಜಿ ಆಗಾಗ ಕಣ್ಣು ತೆರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು:

"ಚಿಕ್ಕೋನು ಊರಿಂದ ಬಂದ್ನೇನೋ?"

"ಇನ್ನೂ ಇಲ್ಲಮ್ಮ, ಮಲ್ಕೋ," ಎನ್ನುತ್ತಿದ್ದರು ಮಾವ, ದಬ್ಬಣದಿಂದ ಕಣ್ಣೆತ್ತದೆ.

ಚಿಕ್ಕವನು ಎಂದರೆ ಮಾವನ ತಮ್ಮ. ಅವನು ಊರಿಗೆ ಹೋದಾಗ ಸೊಸೆ ಇನ್ನೂ ಹುಟ್ಟಿರಲಿಲ್ಲ. ಯಾವ ಊರು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಆ ಮನೆತನದ ರೂಢಿಯೇ ಅದು. ಕುಡಿದು ಬೀದಿಯಲ್ಲಿ ಬಿದ್ದವರು, ಮನಸ್ಸು ಕೆಟ್ಟು ಒಬ್ಬರೇ ಮಾತಾಡಿಕೊಳ್ಳುವವರು, ಯಾರಿಂದ ಮನೆಯ ಹೆಸರು ಮಂದಿಯ ಬಾಯಿಗೆ ಬೀಳಬಹುದೋ ಅವರೆಲ್ಲ ಸರಿಹೋಗುವವರೆಗೆ 'ಊರಿಗೆ ಹೋಗು'ತ್ತಿದ್ದರು. ಆ ಊರಿಗೆ ಬಸ್ಸು ಬೇಕಿರಲಿಲ್ಲ, ಒಂದು ಏಣಿ ಸಾಕಿತ್ತು. ಅಟ್ಟದ ಬಾಗಿಲಿಗೆ ಚಿಲಕ ಹೊರಗಡೆ ಇತ್ತು. ಹೊಸದರಲ್ಲಿ ಸೊಸೆ, "ಇದ್ಯಾಕೆ ಮಾವ, ಚಿಲಕ ಹೊರಗಿದೆ?" ಎಂದು ಕೇಳಿದಾಗ, "ಇಲಿ ಕಾಟ," ಎಂದಿದ್ದರು. ಇಲಿಗೆ ಅಷ್ಟು ದಪ್ಪ ಚಿಲಕವೇ ಎಂದು ಅವಳು ಕೇಳಲಿಲ್ಲ. ಹೊಸ ಸೊಸೆಯಂದಿರು ಕೇಳದೆ ಬಿಟ್ಟ ಪ್ರಶ್ನೆಗಳನ್ನೇ ತುಂಬಿದ್ದರೆ ಎಷ್ಟೋ ಹಾಸಿಗೆ ಆಗುತ್ತಿದ್ದವು.

ಅವಳ ಗಂಡ ದೊಡ್ಡ ಹಾಸಿಗೆಯೊಂದನ್ನು ತಲೆಯ ಮೇಲೆ ಹೊತ್ತು ಲಾಡ್ಜಿನ ಮೆಟ್ಟಿಲಿಳಿಯುವಾಗ ಜಾರಿ ಬಿದ್ದಿದ್ದ. ಬೆನ್ನು ನೋವಿಗೆ ಡಾಕ್ಟರು ಬಲವಾದ ಮಾತ್ರೆ ಬರೆದುಕೊಟ್ಟರು. ಬೆನ್ನು ವಾಸಿಯಾಯಿತು, ಮಾತ್ರೆ ವಾಸಿಯಾಗಲಿಲ್ಲ. ಮೊದಲು ನೋವಿಗೆ ತೆಗೆದುಕೊಂಡದ್ದು, ಆಮೇಲೆ ನೋವು ಬರಬಾರದೆಂದು, ಕೊನೆಗೆ ಬೆಳಗಾಗಲೆಂದು. ಡಾಕ್ಟರು ಕೊಡುವುದನ್ನು ನಿಲ್ಲಿಸಿದ ಮೇಲೆ ಎಲ್ಲಿಂದಲೋ ತರುತ್ತಿದ್ದ. ಕೂತಲ್ಲೇ ತೂಕಡಿಸಿ ದಬ್ಬಣ ಚುಚ್ಚಿಕೊಂಡರೂ ಎಚ್ಚರವಾಗದ ದಿನ, ಹೆಂಡತಿ ಅವನನ್ನು ಎಬ್ಬಿಸಿ ಬಸ್ಸು ಹತ್ತಿಸಿ ದೂರದ ಚಿಕಿತ್ಸಾ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಮಾವನಿಗೆ ಬೆನ್ನಿನ ಡಾಕ್ಟರೆಂದು ಹೇಳಿದರು.

ಅಲ್ಲಿಗೆ ದಿನಾ ಹೋಗಿ ಬರುವಂತಿರಲಿಲ್ಲ. ಹಾಗಾಗಿ ಚಿಕಿತ್ಸೆಯೇ ಫೋನಿನಲ್ಲಿ ಮನೆಗೆ ಬಂತು. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ಫೋನು ಸದ್ದಿಲ್ಲದೆ ನಡುಗುತ್ತಿತ್ತು. ಪರದೆಯಲ್ಲಿ ಒಬ್ಬ ನರ್ಸು. ಗಂಡ ಅವಳ ಕಣ್ಣೆದುರೇ, ಕೇಂದ್ರದವರು ಕೊಟ್ಟ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅದು ಕರಗುವ ತನಕ ನುಂಗುವಂತಿಲ್ಲ, ಮಾತಾಡುವಂತಿಲ್ಲ. ಆ ಹೊತ್ತನ್ನು ನರ್ಸು ತನ್ನ ಕಿಟಕಿಯಾಚೆ ಕಾಣುವುದನ್ನು ಹೇಳಿ ತುಂಬುತ್ತಿದ್ದಳು.

"ಎದುರುಗಡೆ ಕಟ್ಟಡ ಏಳ್ತಾ ಇದೆ ಅಂದಿದ್ನಲ್ಲ? ಇವತ್ತು ಮೇಲ್ಗಡೆ ಕಿಟಕಿ ಚೌಕಟ್ಟು ನಿಲ್ಲಿಸಿದಾರೆ. ಗೋಡೆ ಇನ್ನೂ ಇಲ್ಲ. ಸುತ್ತಾ ಬರೀ ಗಾಳಿ. ಆದ್ರೂ ಗಾರೆಯವನೊಬ್ಬ ಬಂದು ಆ ಚೌಕಟ್ಟಿನಿಂದಾನೇ ಇಣುಕಿ ನೋಡ್ತಿದಾನೆ, ಬೇರೆ ಎಲ್ಲೂ ಕಾಣಲ್ಲ ಅನ್ನೋ ಹಾಗೆ."

ಗಂಡ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದ. ಪಕ್ಕದಲ್ಲಿ ಅಂಚು ಹೊಲಿಯುತ್ತ ಕೂತ ಹೆಂಡತಿಯೂ ಕೇಳುತ್ತ ಆ ಗೋಡೆಯಿಲ್ಲದ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದಳು. ಸಂಜೆ ಫೋನಿಗೊಂದು ಪ್ರಶ್ನೆ ಬರುತ್ತಿತ್ತು: ಇವತ್ತು ಹೇಗಿದ್ದೀರಿ? ಚೆನ್ನಾಗಿದ್ದರೆ ಒಂದು ಒತ್ತಬೇಕು, ಆಸೆ ಹತ್ತಿದ್ದರೆ ಎರಡು. ಎರಡು ಒತ್ತಿದ ಸ್ವಲ್ಪ ಹೊತ್ತಿಗೆ ಫೋನು ಮತ್ತೆ ನಡುಗುತ್ತಿತ್ತು. ಹೀಗೆ ಒಂದು ಎರಡು ಒತ್ತುತ್ತಲೇ ಅವನ ಮುಖಕ್ಕೆ ಬಣ್ಣ ಬಂತು, ಹೊಲಿಗೆ ನೇರವಾಯಿತು, ಒಂದು ದಿನ ಸೀಟಿ ಕೂಡ ಹೊಡೆದ.

ಸೀಟಿಯೇ ಎಡವಟ್ಟಾಯಿತು. ಮಗ ದಿನಾ ಬೆಳಿಗ್ಗೆ ಫೋನಿನಲ್ಲಿ ಯಾವಳೋ ಹೆಂಗಸಿನ ಮಾತು ಕೇಳುತ್ತ ಬಾಯಿ ಬಿಡದೆ ನಗುತ್ತಾನೆ, ಅದೂ ಹೆಂಡತಿಯ ಪಕ್ಕದಲ್ಲೇ ಕೂತು! ಮಾವ ತಡೆಯಲಾರದೆ ಒಂದು ಬೆಳಿಗ್ಗೆ ಬಂದು ಎದುರು ನಿಂತರು.

"ಯಾರಮ್ಮ ನೀನು? ನಮ್ಮ ಹುಡುಗನ ಹತ್ರ ಏನು ಕೆಲಸ?"

"ಅದನ್ನ ಅವರೇ ಹೇಳ್ಬೇಕು ಯಜಮಾನ್ರೇ. ನಾನು ಹೇಳೋ ಹಾಗಿಲ್ಲ."

ಮಾತ್ರೆ ಕರಗುವವರೆಗೆ ಎಲ್ಲರೂ ಕಾಯಬೇಕಾಯಿತು. ಮಾವ ಸೊಂಟದ ಮೇಲೆ ಕೈ ಇಟ್ಟು ನಿಂತರು. ಗಂಡ ಕಣ್ಣು ಕೆಳಗೆ ಹಾಕಿದ. ಹತ್ತಿಯ ಎಳೆಯೊಂದು ಅವರಿಬ್ಬರ ನಡುವೆ ತೇಲಿ ತೇಲಿ ನೆಲ ಮುಟ್ಟಿತು. ಆಮೇಲೆ ಅವನು ಎಲ್ಲವನ್ನೂ ಹೇಳಿದ.

"ಅಂದ್ರೆ, ಮಾತ್ರೆ ಬಿಡಿಸೋಕೆ ಇನ್ನೊಂದು ಮಾತ್ರೆ!" ಎಂದರು ಮಾವ. "ಚೆನ್ನಾಗಿದೆ ಕಣಯ್ಯ ವ್ಯಾಪಾರ."

"ನೀವು ಬಿಪಿಗೆ ಮಾತ್ರೆ ತಗೋತೀರಾ ಯಜಮಾನ್ರೇ?" ಎಂದಳು ನರ್ಸು.

"ತಗೋತೀನಿ. ಅದು ಬೇರೆ."

"ಹೇಗೆ ಬೇರೆ?"

"ಅದರಿಂದ ಮನೆ ಹೆಸರು ಕೆಡಲ್ಲಮ್ಮ! ಬಿಪಿ ಎಲ್ಲಾ ದೊಡ್ಡ ಮನುಷ್ಯರಿಗೂ ಇರತ್ತೆ."

"ಇದೂ ಇರತ್ತೆ. ಅವರೂ ನಿಮ್ಮ ಹಾಗೇ ಮುಚ್ಚಿಡ್ತಾರೆ, ಅಷ್ಟೇ."

"ಇವನಿಗೆ ಬೇಕಾಗಿರೋದು ಗಟ್ಟಿ ಮನಸ್ಸು. ಬಾಗಿಲು ಹಾಕಿ ಕೂರಿಸಿದ್ರೆ ತಾನೇ ಇಳಿಯತ್ತೆ. ನಮ್ಮಲ್ಲಿ ಹಿಂದಿಂದ್ಲೂ ಹಂಗೇ."

"ಬಾಗಿಲು ಹಾಕಿದ್ರೆ ಮೈ ಮಾತ್ರ ಮರೆಯತ್ತೆ, ಆಸೆ ಮರೆಯಲ್ಲ," ಎಂದಳು ನರ್ಸು ನಿಧಾನವಾಗಿ. "ಹೊರಗೆ ಬಂದ ದಿನ ಮೊದಲು ತಗೋತಿದ್ದಷ್ಟೇ ತಗೋತಾರೆ. ಅಷ್ಟನ್ನ ತಡ್ಕೊಳ್ಳೋ ಶಕ್ತಿ ಮೈಗೆ ಹೋಗಿರತ್ತೆ. ಮಲಗಿದಲ್ಲೇ ಉಸಿರು ನಿಂತುಹೋಗತ್ತೆ. ಅಂಥೋರನ್ನ ನಾನು ನೋಡಿದೀನಿ ಯಜಮಾನ್ರೇ."

ಮಾವನ ಕೈ ಸೊಂಟದಿಂದ ತಾನಾಗಿ ಜಾರಿತು. ಅವರು ಒಮ್ಮೆ ಅಟ್ಟದ ಕಡೆ, ಒಮ್ಮೆ ಮೂಲೆಯಲ್ಲಿ ಮಲಗಿದ ತಾಯಿಯ ಕಡೆ ನೋಡಿದರು. ಸೊಸೆ ಅದನ್ನು ಗಮನಿಸಿದಳು. ಮರುಕ್ಷಣ ಅವರು ಫೋನು ಕಿತ್ತುಕೊಂಡು ಕರೆ ಮುರಿದರು, ಮಾತ್ರೆಗಳನ್ನೂ ಕೇಳಿ ಇಸಿದುಕೊಂಡರು.

ಗಂಡನನ್ನು ಯಾರೂ ದಬ್ಬಲಿಲ್ಲ. ಅವನೇ ಏಣಿ ಹತ್ತಿದ. ನಾಚಿಕೆ ಅವನ ಕುತ್ತಿಗೆ ಹಿಡಿದು ಹತ್ತಿಸಿತು ಎನ್ನಬೇಕು. ಮಾವ ಚಿಲಕ ಹಾಕಿ ಇಳಿದರು. "ಯಾರಾದ್ರೂ ಕೇಳಿದ್ರೆ ಊರಿಗೆ ಹೋಗಿದಾನೆ ಅನ್ನು," ಎಂದು ಸೊಸೆಗೆ ಹೇಳಿದರು. ಆಮೇಲೆ, ಅಮ್ಮನ ಹಾಸಿಗೆಯ ಹತ್ತಿ ಗಟ್ಟಿಯಾಗಿದೆ ಎಂದು ಅಜ್ಜಿಯನ್ನು ಎಬ್ಬಿಸಿ, ಅದನ್ನು ಬಿಚ್ಚಿ, ಹಿಂಜಿ, ತಾವೊಬ್ಬರೇ ಮತ್ತೆ ತುಂಬಿ ಹೊಲಿದರು. ಅಂಚಿನ ಹೊಲಿಗೆ ಯಾವಾಗಲೂ ಸೊಸೆಯದು. ಅಂದು ಅವಳನ್ನು ಹತ್ತಿರ ಸೇರಿಸಲಿಲ್ಲ.

ಮರುದಿನದ ಹೊತ್ತಿಗೆ ಅಟ್ಟದಲ್ಲಿ ಗಂಡ ಹತ್ತಿಯ ರಾಶಿಯೊಳಗೆ ಕೂತು ನಡುಗುತ್ತಿದ್ದ. ಮೈಮೇಲಿನ ರೋಮ ನೆಟ್ಟಗೆ ನಿಂತಿತ್ತು, ಕಣ್ಣು ಮೂಗು ಸೋರುತ್ತಿದ್ದವು, ಕಾಲುಗಳು ತಮ್ಮಷ್ಟಕ್ಕೆ ಒದೆಯುತ್ತಿದ್ದವು. ನೀರು ಕೊಡಲು ಮಾತ್ರ ಅವಳಿಗೆ ಅಪ್ಪಣೆಯಿತ್ತು.

"ಚಳಿ ಕಣೇ," ಎಂದ. "ಇಷ್ಟು ಹತ್ತಿ ಒಳಗೂ ಚಳಿ."

"ಫೋನ್ ಎಲ್ಲಿಟ್ಟಿದಾರೋ ಹುಡುಕ್ತಿದೀನಿ ಕಣ್ರೀ."

"ಬೇಡ ಬಿಡು. ಇಳಿದ ಮೇಲೆ ಒಂದೇ ಒಂದು ಸಲ ಹಳೇದು ತಗೊಂಡು ಬಿಟ್ಟುಬಿಡ್ತೀನಿ. ಒಂದೇ ಸಲ."

ನರ್ಸಿನ ಮಾತು ನೆನಪಾಗಿ ಅವಳು ಸರಸರನೆ ಏಣಿ ಇಳಿದಳು. ಕೇಂದ್ರದ ನಂಬರು ಆ ಫೋನಿನಲ್ಲೇ ಇತ್ತು. ಮನೆಯಲ್ಲಿದ್ದ ಇನ್ನೊಂದು ಫೋನು ಮಾವನ ಜೇಬಿನಲ್ಲಿ. ಪೆಟ್ಟಿಗೆ, ದಿಂಬು, ನೂಲಿನ ಬುಟ್ಟಿ ಎಲ್ಲ ತಡಕಿದಳು. ಮಧ್ಯಾಹ್ನ ತಡಕುತ್ತಲೇ ಹತ್ತಿಗೆ ತಲೆ ಆನಿಸಿ ಕಣ್ಣು ಮುಚ್ಚಿದಾಗ ಒಂದು ಊರು ಕಂಡಿತು. ಊರಿಗೆ ಹೋದವರೆಲ್ಲ ಅಲ್ಲಿದ್ದರು. ಎಲ್ಲಾ ಮನೆಗಳಿಗೂ ಬರೀ ಕಿಟಕಿ ಚೌಕಟ್ಟು, ಗೋಡೆಯಿಲ್ಲ. ಆದರೂ ಯಾರೂ ಹೊರಗೆ ಬರುತ್ತಿರಲಿಲ್ಲ. ಒಂದು ಚೌಕಟ್ಟಿನಲ್ಲಿ ಮಾವನ ಮುಖವನ್ನೇ ಎರವಲು ಪಡೆದ ಹುಡುಗನೊಬ್ಬ ನಿಂತು, "ಅಮ್ಮ ಎದ್ಳಾ?" ಎಂದು ಕೇಳಿದ. ಪಕ್ಕದ ಚೌಕಟ್ಟು ಖಾಲಿಯಿತ್ತು. ಅದನ್ನು ಯಾರೋ ಒರೆಸಿ ಶುಚಿಮಾಡುತ್ತಿದ್ದರು.

ಅಜ್ಜಿ ಆ ದಿನ ಬೆಳಿಗ್ಗೆಯೇ ಹೇಳಿದ್ದರು: "ಚಿಕ್ಕೋನು ಬೆನ್ನು ತಟ್ಟಿ ಎಬ್ಬಿಸ್ತಾನೆ ಕಣೋ. ಗುಂಯ್ ಅಂತಾನೆ." ಮುದುಕಿಯ ಕನಸೆಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಲಾಡ್ಜಿನ ಮ್ಯಾನೇಜರು ಹಾಸಿಗೆಗೆ ಹೇಳಲು ಬಂದರು. ದುಂಡನೆಯ ಮನುಷ್ಯ, ಕೂತ ಹಾಸಿಗೆಯಿಂದ ಅವರನ್ನು ಎಬ್ಬಿಸುವುದೇ ಅಂಗಡಿಯ ಕಷ್ಟದ ಕೆಲಸ.

"ಎಲ್ಲಿ ನಿಮ್ಮ ಮಗ? ಕಾಣ್ತಾನೇ ಇಲ್ಲ."

"ಊರಿಗೆ ಹೋಗಿದಾನೆ," ಎಂದರು ಮಾವ.

"ಬಂದ, ಬಂದ!" ಎಂದರು ಅಜ್ಜಿ ಮೂಲೆಯಿಂದ. "ಚಿಕ್ಕೋನು ಮತ್ತೆ ಬಂದ. ನೋಡೇ, ಕೈಯಿಟ್ಟು ನೋಡು."

ಸೊಸೆ ಸಮಾಧಾನ ಮಾಡಲೆಂದು ಹೋಗಿ ಹಾಸಿಗೆಯ ಮೇಲೆ ಕೈಯಿಟ್ಟಳು. ಹಾಸಿಗೆ ನಡುಗುತ್ತಿತ್ತು. ಕಿವಿಯಿಟ್ಟಳು. ಹತ್ತಿಯ ಒಳಗೆ, ಬಹಳ ದೂರದಲ್ಲಿ, ಯಾರೋ ಬಾಯಿ ಮುಚ್ಚಿಕೊಂಡು ಹಾಡುತ್ತಿರುವ ಹಾಗೆ ಒಂದು ಗುನುಗು. ಎಲ್ಲಾ ಬಲ್ಲ ಮಾವ! ಫೋನನ್ನು ಒಡೆದು ಬಿಸಾಡುವಷ್ಟು ದುಂದುಗಾರರಲ್ಲ. ಹಗಲೂ ರಾತ್ರಿ ಅಜ್ಜಿ ಬಿಟ್ಟೇಳದ ಹಾಸಿಗೆಗಿಂತ ಭದ್ರವಾದ ತಿಜೋರಿ ಎಲ್ಲಿದೆ ಅಂದುಕೊಂಡಿದ್ದರು. ಫೋನನ್ನು ಸದ್ದಡಗಿಸಿ ಇಟ್ಟಿದ್ದರೂ ಅದು ನಡುಗುತ್ತದೆ ಎಂಬುದಷ್ಟೇ ಅವರಿಗೆ ಹೊಳೆಯಲಿಲ್ಲ.

ಅವಳು ಅಜ್ಜಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕತ್ತರಿ ತೆಗೆದುಕೊಂಡಳು.

"ಏಯ್, ಏನು ಮಾಡ್ತಿದೀಯ? ಗಿರಾಕಿ ಇದಾರೆ!"

ಅಂಚು ಪರ್ರನೆ ಬಿಚ್ಚಿಕೊಂಡಿತು. ಹತ್ತಿ ಉಕ್ಕಿ ಬಂತು. ಅದರೊಳಗಿಂದ ಬಟ್ಟೆಯ ಗಂಟು, ಗಂಟಿನೊಳಗೆ ಮಾತ್ರೆಗಳು, ಮತ್ತು ಆಗತಾನೇ ಗೂಡಿನಿಂದ ತೆಗೆದ ಮರಿಯ ಹಾಗೆ ಬೆಚ್ಚಗೆ ನಡುಗುತ್ತಿದ್ದ ಫೋನು.

"ಸಿಸ್ಟರ್, ಒಂದು ನಿಮಿಷ, ಫೋನ್ ಇಡಬೇಡಿ," ಎಂದಳು ಸೊಸೆ, ಕರೆ ಎತ್ತಿ. ಆಮೇಲೆ ಮ್ಯಾನೇಜರ ಕಡೆ ತಿರುಗಿದಳು. "ನನ್ನ ಗಂಡ ಊರಿಗೆ ಹೋಗಿಲ್ಲ ಸಾರ್. ಮೇಲೆ ಅಟ್ಟದಲ್ಲಿದಾರೆ. ನಿಮ್ಮ ಮೆಟ್ಟಿಲಲ್ಲಿ ಬಿದ್ರಲ್ಲ, ಆ ನೋವಿನ ಮಾತ್ರೆ ಚಟ ಹತ್ತಿಸ್ಕೊಂಡ್ರು. ಅದಕ್ಕೆ ಔಷಧಿ ತಗೋತಿದ್ರು, ಗುಣ ಆಗ್ತಿತ್ತು. ನಾವು ಬಾಗಿಲು ಹಾಕಿದ್ವಿ. ಇನ್ಮೇಲೆ ಯಾರು ಕೇಳಿದ್ರೂ ನಾನು ಊರಿಗೆ ಹೋಗಿದಾರೆ ಅನ್ನಲ್ಲ. ಹೆಸರು ಹೋದ್ರೆ ಹೋಗ್ಲಿ ಮಾವ, ಮನುಷ್ಯ ಉಳೀಲಿ."

ಮೊದಲು ಬಾಯಿ ತೆರೆದವರು ಅಜ್ಜಿ.

"ಹಂಗಾದ್ರೆ ಚಿಕ್ಕೋನು?"

ಮಾವ ತಾಯಿಯ ಪಕ್ಕದಲ್ಲಿ, ಬಿಚ್ಚಿಹೋದ ಹಾಸಿಗೆಯ ಮೇಲೆ ಕುಸಿದು ಕೂತರು.

"ಅವನು ಬರಲ್ಲಮ್ಮ," ಎಂದರು. "ನೀನು ಅಕ್ಕನ ಹೆರಿಗೆಗೆ ಹೋಗಿದ್ದೆ, ವಾಪಸ್ ಬಂದಾಗ ಊರಿಗೆ ಹೋಗಿದಾನೆ ಅಂದ್ವಿ. ಅವನಿಗೆ ಸೂಜಿ ಚುಚ್ಕೊಳ್ಳೋ ಚಟ. ಅಪ್ಪ ಹೇಳಿದ್ರು, ನಾನು ಚಿಲಕ ಹಾಕಿದೆ. ಇಳಿದು ಬಂದ ದಿನ ಚೆನ್ನಾಗೇ ಇದ್ದ, ತಮಾಷೆ ಮಾಡ್ದ. ಸಂಜೆ ಆಚೆ ಹೋದ. ಹಿತ್ತಲಲ್ಲಿ ಮಲಗಿದ್ದ ಹಾಗೇ... ನಾನು ನಿದ್ದೆ ಅಂದ್ಕೊಂಡೆ."

ಅಜ್ಜಿ ಮಗನ ಹುಬ್ಬಿನ ಮೇಲಿದ್ದ ಹತ್ತಿಯನ್ನು ಬೆರಳಿನಿಂದ ತೆಗೆದರು.

"ಒಬ್ಬನ್ನ ಕಳಿಸಿದ್ದು ಸಾಕು," ಎಂದರು. "ಹೋಗು. ನೀನೇ ಹೋಗಿ ತೆಗಿ."

ಮಾವ ಏಣಿ ಹತ್ತಿದರು. ಸೊಸೆ ಫೋನು, ಮಾತ್ರೆ ಹಿಡಿದು ಹಿಂದೆಯೇ ಹತ್ತಿದಳು. ನರ್ಸು ಮೊದಲು ಕೇಳಿದ್ದು, ನಡುವೆ ಬೇರೇನಾದರೂ ತೆಗೆದುಕೊಂಡಿದ್ದಾರಾ ಎಂದು. ಇಲ್ಲವೆಂದ ಮೇಲೆ ಅವನ ನಡುಕ, ಕಣ್ಣು, ಉಸಿರು ಎಲ್ಲ ವಿಚಾರಿಸಿ, ಡಾಕ್ಟರನ್ನು ಕೇಳಿಕೊಂಡು ಬಂದು ಮಾತ್ರೆ ಇಟ್ಟುಕೊಳ್ಳಲು ಹೇಳಿದಳು. ಗಂಡನ ಕೈಯಲ್ಲಿ ಫೋನು ನಿಲ್ಲಲಿಲ್ಲ. ಮಾವ ಇಸಿದುಕೊಂಡು, ಮಗನ ಮುಖದ ಎದುರು ಕನ್ನಡಿಯಂತೆ ಹಿಡಿದರು.

"ಎರಡು ದಿನದಲ್ಲಿ ಗೋಡೆ ಬಂದುಬಿಟ್ಟಿದೆ," ಎಂದಳು ನರ್ಸು. "ಚೌಕಟ್ಟಿಗೆ ಬಾಗಿಲೂ ಕೂರಿಸಿದಾರೆ. ಗಾರೆಯವನು ತೆಗೆದು ಹಾಕಿ, ತೆಗೆದು ಹಾಕಿ ನೋಡ್ತಿದಾನೆ. ಈಗ ತೆಗೆದೇ ಇಟ್ಟ."

ಗಂಡನ ಕಾಲುಗಳ ಒದೆತ ಆ ಮಾತಿನ ಜೊತೆಗೇ ನಿಧಾನವಾಯಿತೆಂದು ಅವಳಿಗೆ ಅನ್ನಿಸಿತು. ಬಾಯಿ ಬಿಡಲಾಗದ ಮಗ, ಬಾಯಿ ಬರದ ಅಪ್ಪ. ಇಬ್ಬರ ಮೇಲೂ ಸಮನಾಗಿ ಹತ್ತಿ ಬೀಳುತ್ತಿತ್ತು.

ಮಾವ ಕೆಳಗಿಳಿದು ಬಂದಾಗ ಅವರ ಕೈಯಲ್ಲಿ ಬಾಗಿಲಿನಿಂದ ಕಿತ್ತ ಚಿಲಕವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಮ್ಯಾನೇಜರು ಇನ್ನೂ ಅಲ್ಲೇ ಕೂತಿದ್ದರು, ಹಾಸಿಗೆಯ ವಿಷಯ ಮರೆತು.

"ಆ ನಂಬರು ನಂಗೂ ಸ್ವಲ್ಪ ಕೊಡಿ," ಎಂದರು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ. "ನಮ್ಮ ಅಳಿಯ... ಊರಿಗೆ ಹೋಗಿದಾನೆ ಅಂತ ಹೇಳ್ತಾ ಇದ್ವಿ."

ಮಾವ ಚಿಲಕವನ್ನು ಮೇಜಿನ ಮೇಲೆ ಅವರೆದುರು ಇಟ್ಟರು.

"ನಿಮ್ಮನೇಲೂ ಚಿಲಕ," ಎಂದರು, "ಹೊರಗಡೆಯಿಂದಾನೇ?"