ತಡಿಯಪ್ಪನ ಒಪ್ಪಿಗೆ

ಓದದ ಕಾಗದಕ್ಕೆ ಅವರು ಜನ್ಮದಲ್ಲಿ ರುಜು ಹಾಕಿದವರಲ್ಲ. ಹೀಗೆಂದು ಎದೆ ತಟ್ಟಿಕೊಂಡು ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಇವರು ಹೇಳಿಕೊಂಡವರಲ್ಲ, ನಡೆಸಿದವರು, ಮತ್ತು ಅದರ ಬಿಸಿ ತಟ್ಟಿಸಿಕೊಂಡವರು ಊರ ತುಂಬ ಇದ್ದಾರೆ. ಕೊರಿಯರಿನವನು ಪೊಟ್ಟಣ ಹಿಡಿದು ಬಿಸಿಲಲ್ಲಿ ನಿಂತಿರಬೇಕು, ಬ್ಯಾಂಕಿನ ಕಿಟಕಿಯೆದುರು ಸಾಲು ಬೀದಿಗೆ ಬಾಲ ಚಾಚಬೇಕು. ಇವರು ಮಾಸಲು ಬೂದುಬಣ್ಣದ ಕೋಟಿನ ಒಳಜೇಬಿನಿಂದ ಕನ್ನಡಕ ತೆಗೆದು, ಗಾಜನ್ನು ಅದೇ ಕೋಟಿನ ಅಂಚಿನಿಂದ ಒರೆಸಿ, ಮೂಗಿಗೇರಿಸಿ, "ತಡಿಯಪ್ಪ" ಎಂದು ಎದುರಿಗಿದ್ದವನನ್ನು ಸಮಾಧಾನಪಡಿಸಿ, ಕಾಗದದ ಮೊದಲಕ್ಷರದಿಂದ ಆರಂಭಿಸುವರು. ಆ "ತಡಿಯಪ್ಪ" ಎಂಬುದೇ ಕಡೆಗೆ ಅವರ ಹೆಸರಾಗಿ ನಿಂತಿತು. ಹೊಸದಾಗಿ ಪರಿಚಯವಾದವರು ಅದನ್ನು ಹೆತ್ತವರಿಟ್ಟ ಹೆಸರೆಂದೇ ತಿಳಿದು "ತಡಿಯಪ್ಪನವರೇ" ಎಂದು ಗೌರವದಿಂದ ಕರೆಯುತ್ತಿದ್ದರು. ಅವರೂ ತಿದ್ದಲು ಹೋಗಲಿಲ್ಲ.

ಮದುವೆಯ ದಿನವೂ ಇದೇ ಕತೆ. ನೋಂದಣಿ ಕಚೇರಿಯಲ್ಲಿ ಹುಡುಗಿ ತನ್ನ ರುಜು ಹಾಕಿ ಪೆನ್ನನ್ನು ಇವರ ಕೈಗಿತ್ತಳು. ಇವರು ಅರ್ಜಿಯ ಹಿಂದುಮುಂದು ಓದಿ, ಸಾಲದೆಂದು ಗೋಡೆಗೆ ಅಂಟಿಸಿದ್ದ ನಿಯಮಾವಳಿಯನ್ನೂ ಎದ್ದುಹೋಗಿ ಓದಿ ಬರುವಷ್ಟರಲ್ಲಿ, ಅಧಿಕಾರಿಯ ಚಹಾ ತಣ್ಣಗಾಗಿ, ಮಾವನಾಗಬೇಕಾದವರ ಮುಖ ಬಿಸಿಯಾಗಿ, ಹುಡುಗಿ ಮಾತ್ರ ಈ ಮನುಷ್ಯ ಓಡಿಹೋಗಲು ದಾರಿ ಹುಡುಕುತ್ತಿದ್ದಾನೋ ಏನೋ ಎಂದು ಬಾಗಿಲನ್ನೇ ನೋಡುತ್ತ ಕೂತಿದ್ದಳಂತೆ. ಅಂದು ಅಷ್ಟು ಓದಿ ಒಪ್ಪಿಕೊಂಡಿದ್ದರಿಂದಲೇ ಇಂದಿಗೂ ಅವರಿಗೆ ತಕರಾರು ತೆಗೆಯಲು ಬಾಯಿಲ್ಲ ಎಂದು ಆ ಹೆಂಡತಿ ಈಗ ನಗುತ್ತಾರೆ.

ನಿವೃತ್ತಿಯವರೆಗೆ ಅವರು ಮಾಡಿದ್ದು ಲಿಫ್ಟುಗಳ ತಪಾಸಣೆ. ಲಿಫ್ಟಿನೊಳಗೆ ಗಾಜಿನ ಚೌಕಟ್ಟಿನಲ್ಲಿ ತೂಗುವ ಪ್ರಮಾಣಪತ್ರದ ಕೆಳಗೆ, ಯಾರ ಕಣ್ಣೂ ಇಳಿಯದ ಮೂಲೆಯಲ್ಲಿ, ಅವರ ರುಜು ಇರುತ್ತಿತ್ತು. ಹಗ್ಗ, ಬ್ರೇಕು, ಬಾಗಿಲ ಸಂದು ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡದೆ ಆ ರುಜು ಬೀಳುತ್ತಿರಲಿಲ್ಲ. ನಡಿಗೆಯೂ ಆ ಕಸುಬಿನ ಕೊಡುಗೆಯೇ: ಮೊದಲು ಪಾದವಿಟ್ಟು, ನೆಲ ತನ್ನನ್ನು ಹೊರುತ್ತದೆಂದು ಖಾತ್ರಿಯಾದ ಮೇಲಷ್ಟೇ ಮೈಭಾರ ಬಿಡುವ ನಡಿಗೆ. ಹೊಸ ಕಟ್ಟಡವೊಂದರ ಮಾಲೀಕ ಉದ್ಘಾಟನೆಯ ಮುನ್ನಾದಿನ ಬಂದು, ಒಂದು ರುಜು ತಾನೆ, ಹಾಕಿಬಿಡಿ ಎಂದು ಗೋಗರೆದಾಗ ಇವರು, "ಒಂದು ರುಜು ಅಂದ್ರೆ ಲಿಫ್ಟಿನೊಳಗಿನ ಎಂಟು ಜನ ಸ್ವಾಮಿ" ಎಂದು ಹೊರಟೇಬಿಟ್ಟರು. ಮರುದಿನ ಜರತಾರಿಯುಟ್ಟ ಅತಿಥಿಗಳೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಪ್ರತಿ ಅಂತಸ್ತಿನಲ್ಲೂ ನಿಂತು ಇವರಿಗೆ ಸಹಸ್ರನಾಮ ಮಾಡಿದರು. ಸಿಟ್ಟು ಬಂದರೆ ಎಲ್ಲರ ದನಿ ಏರುತ್ತದೆ, ಇವರದು ಇಳಿಯುತ್ತದೆ. ಏಕವಚನದಲ್ಲಿ ಸಲಿಗೆಯಿಂದ ಮಾತಾಡುತ್ತಿದ್ದವರು ಥಟ್ಟನೆ ಬಹುವಚನಕ್ಕೆ ತಿರುಗಿದರೆಂದರೆ, ಬಲ್ಲವರು ಕುರ್ಚಿ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು.

ಇಂಥವರ ಮನೆಗೆ ಸ್ಮಾರ್ಟ್‌ಫೋನು ಬಂದದ್ದು ಅಕ್ಕನ ದೆಸೆಯಿಂದ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಗದರಿಸುವ ಅಧಿಕಾರವನ್ನು ಪೂರ್ತಿಯಾಗಿ ವಹಿಸಿಕೊಂಡಿದ್ದ ಆ ಅಕ್ಕ ದೂರದೂರಿನ ಆಸ್ಪತ್ರೆಯಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆಂದು ಸೇರಿದ್ದರು. ನೋಡಿಕೊಳ್ಳಲು ಇವರ ಹೆಂಡತಿ ಹೋಗಿದ್ದರು. ಮೊಣಕಾಲಿನ ಊತದಿಂದ ಇವರು ಅಷ್ಟು ದೂರದ ಪಯಣ ಮಾಡುವಂತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಹಿಂದಿನ ದಿನ ಹೆಂಡತಿಯ ಕರೆ ಬಂತು. ಆಸ್ಪತ್ರೆಯವರು ಒಪ್ಪಿಗೆಪತ್ರ ತಂದಿಟ್ಟಿದ್ದಾರೆ, ಸಂಜೆಯೊಳಗೆ ರುಜು ಬೇಕಂತೆ, ನಿಮ್ಮಕ್ಕ ಪೆನ್ನು ಮುಟ್ಟಲೊಲ್ಲರು ಎಂದು ಅವರು ತೊಳಲಾಡುತ್ತಿರುವಾಗಲೇ ಅಕ್ಕ ಫೋನು ಕಸಿದುಕೊಂಡರು.

"ನೀನು ಓದು, ಸರಿಯಿದೆ ಅನ್ನು, ಹಾಕ್ತೀನಿ. ಇಲ್ಲಾಂದ್ರೆ ಈ ಎದೆ ಹಿಂಗೇ ಇರ್ಲಿ."

ಕಾಗದದ ಫೋಟೋ ಕಳಿಸಬಹುದೆಂದರು ಹೆಂಡತಿ. ಆದರೆ ಇವರದು ಗುಂಡಿಯ ಹಳೆಯ ಫೋನು. ಅದು ಮಾತು ತರುತ್ತಿತ್ತೇ ಹೊರತು ಚಿತ್ರ ತರುತ್ತಿರಲಿಲ್ಲ. ನೆರೆಯವರ ಫೋನಿಗೆ ತರಿಸಬಹುದಿತ್ತು, ಆದರೆ ಅಕ್ಕನ ಎದೆಯೊಳಗಿನ ಸಂಗತಿ ಪರರ ಜೇಬಿನಲ್ಲಿ ಬಿಡಾರ ಹೂಡುವುದು ಅವರಿಗೆ ಸರಿಬರಲಿಲ್ಲ. ಕೋಟು ತೊಟ್ಟು, ಮೊಣಕಾಲು ಹಿಡಿದುಕೊಂಡು, ಬೀದಿಯ ಕೊನೆಯ ಅಂಗಡಿಗೆ ನಡೆದರು. ಅಂಗಡಿಯ ಗಾಜಿನ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ಕರಾರಿಲ್ಲ, ಕಂತಿಲ್ಲ, ಕಟ್ಟುಪಾಡಿಲ್ಲ. ಅದನ್ನು ಅವರು ಎರಡು ಸಲ ಓದಿ ಮೆಚ್ಚಿದರು. ಒಂದು ವಸ್ತು, ಅದರ ಬೆಲೆ, ಅಲ್ಲಿಗೆ ಋಣ ಹರಿಯಿತು, ವ್ಯಾಪಾರವೆಂದರೆ ಹೀಗಿರಬೇಕು.

ಇದ್ದುದರಲ್ಲಿ ಅಗ್ಗದ ಫೋನು ಅದು. ನೋಡಲು ಲಕ್ಷಣವಾಗಿಯೇ ಇತ್ತು. ಕೈಗೆ ಹಗುರ, ಬೆನ್ನು ನುಣುಪು, ಪರದೆಯ ತುಂಬ ನೀಲಿ ಬೆಳಕು. ಅಂಗಡಿಯ ಹುಡುಗಿ ಹಳೆಯ ಫೋನಿನ ಸಿಮ್ಮನ್ನು ಹೊಸದರ ಅಳತೆಗೆ ಕತ್ತರಿಸಿ ಕೂರಿಸಿದಳು. ಪರದೆಯ ಮೇಲೆ ಏನೇನೋ ಬರಹ ಮೂಡುತ್ತಿದ್ದಂತೆ ಅವಳ ಹೆಬ್ಬೆರಳು ಅಭ್ಯಾಸಬಲದಿಂದ ಕೆಳಗಿಳಿಯಿತು. ಇವರು ತಡೆದು, ಏನದು ಎಂದು ಕೇಳಿದರು. ಎಲ್ಲರೂ ಒತ್ತುವುದೇ ಅಂಕಲ್, ನಾನೇ ಒತ್ತಿಕೊಡುತ್ತೇನೆ ಎಂದಳು ಅವಳು.

"ತಡಿಯಮ್ಮ. ನನ್ನ ಒಪ್ಪಿಗೆ ನೀನು ಕೊಡೋದು ಹೇಗೆ?"

ಅವಳಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಆ ಕುರ್ಚಿಯಲ್ಲಿ ಕೂತ ಯಾರೂ ಅದನ್ನು ಕೇಳಿರಲಿಲ್ಲ. ಇವರು ಫೋನನ್ನು ಹಾಗೆಯೇ ಮನೆಗೆ ತಂದು, ಕಿಟಕಿಯ ಬಳಿ ಕೂತು, ಕನ್ನಡಕವೇರಿಸಿ ಓದತೊಡಗಿದರು.

ಕರಾರಿಲ್ಲದ ಫೋನಿನೊಳಗೆ ಇದ್ದುದೆಲ್ಲ ಕರಾರೇ. ಫೋನು ಮಾಡಿದವರದೊಂದು, ಅದರೊಳಗಿನ ತಂತ್ರಾಂಶದವರದೊಂದು, ಹೆಸರೇ ಕೇಳಿರದ ಇನ್ನಾರದೋ ಮತ್ತೊಂದು. ಒಂದರೊಳಗಿಂದ ಇನ್ನೊಂದು, ಈರುಳ್ಳಿ ಸುಲಿದಂತೆ, ಕಣ್ಣಲ್ಲಿ ನೀರು ಬರುವುದೂ ಹಾಗೆಯೇ. ಭಾಷೆ ಕನ್ನಡವೇ, ಆದರೆ ಹೆತ್ತವರಿಲ್ಲದ ಕನ್ನಡ. "ಅಗತ್ಯವಿದ್ದಲ್ಲಿ ನಾವು ನಿಮ್ಮನ್ನು ನಮ್ಮ ಪಾಲುದಾರರೊಡನೆ ಹಂಚಿಕೊಳ್ಳುತ್ತೇವೆ" ಎಂಬ ವಾಕ್ಯದೆದುರು ಅವರು ಬಹಳ ಹೊತ್ತು ಕೂತರು. ಹಂಚಿಕೊಳ್ಳಲು ತಾನೇನು ಹಲಸಿನ ತೊಳೆಯೇ? ಸಾಲದ್ದಕ್ಕೆ, ಅರ್ಧ ಪುಟ ಓದುವಷ್ಟರಲ್ಲಿ ಪರದೆ ಕತ್ತಲಾಗುತ್ತಿತ್ತು. ಮುಟ್ಟಿ ಎಬ್ಬಿಸಿದರೆ ಪುಟ ತಲೆಯಿಂದ ಮೊದಲಾಗುತ್ತಿತ್ತು. ಓದುವವನೊಬ್ಬ ಹುಟ್ಟಿ ಬರಬಹುದೆಂಬ ಶಂಕೆಯೇ ಇಲ್ಲದೆ ಬರೆದ ಬರಹ ಅದು. ಎಲ್ಲ ಪುಟದ ಅಡಿಯಲ್ಲೂ ದುಂಡಗಿನ ಒಂದೇ ಗುಂಡಿ: ಒಪ್ಪುತ್ತೇನೆ. ಒಪ್ಪುವುದಿಲ್ಲ ಎಂಬುದನ್ನು ಅವರು ಮೇಲೆ, ಕೆಳಗೆ, ಅಂಚಿನಲ್ಲಿ, ಲಿಫ್ಟಿನ ಹಗ್ಗದಲ್ಲಿ ಬಿಚ್ಚಿಕೊಂಡ ಎಳೆ ಹುಡುಕುವಂತೆ ಹುಡುಕಿದರು. ಇರಲಿಲ್ಲ.

ತಲೆಯೆತ್ತಿದಾಗ ಎದುರು ಮನೆಯ ದೀಪ ಹತ್ತಿತ್ತು. ಸಂಜೆಯೊಳಗೆ ಎಂದಿದ್ದರು ಆಸ್ಪತ್ರೆಯವರು. ಹಳೆಯ ಫೋನಿಗೆ ಮರಳುವಂತಿಲ್ಲ; ಸಿಮ್ಮಿನ ರೆಕ್ಕೆ ಕತ್ತರಿಸಿಯಾಗಿತ್ತು. ಅತ್ತ ಅಕ್ಕ, ತಮ್ಮ ಓದಲಿ ಎಂದು ಪೆನ್ನು ಕೆಳಗಿಟ್ಟು ಕೂತಿದ್ದಾರೆ. ಇತ್ತ ತಮ್ಮ ಫೋನಿನ ಕರಾರು ಓದುತ್ತ ಕೂತಿರುವುದರಿಂದಲೇ ಆ ಒಪ್ಪಿಗೆಪತ್ರವನ್ನು ಓದಲಾಗುತ್ತಿಲ್ಲ. ತಡಿಯಪ್ಪನವರು ಕನ್ನಡಕ ತೆಗೆದರು. ಓದದೆ ಒತ್ತುವುದಕ್ಕೆ ಅದೇಕೆ ಬೇಕು? ಒಪ್ಪುತ್ತೇನೆ. ಒಪ್ಪುತ್ತೇನೆ. ನಿಮ್ಮ ದನಿ ಕೇಳಬಹುದೇ, ಒಪ್ಪುತ್ತೇನೆ. ಎಲ್ಲಿರುವಿರೆಂದು ನೋಡಬಹುದೇ, ಒಪ್ಪುತ್ತೇನೆ. ಕೆನ್ನೆಗೆ ಹೊಡೆಸಿಕೊಳ್ಳುತ್ತಿರುವವನಂತೆ ಒಂದೊಂದು ಸಲವೂ ಅವರ ತಲೆ ತುಸು ಅಲುಗುತ್ತಿತ್ತು. ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿ, ಅಭಿನಂದನೆಗಳು ಎಂಬ ಅಕ್ಷರ ಕುಣಿಯಿತು. ಆ ಕ್ಷಣದಲ್ಲಿ ಅವರಿಗೆ ಅನ್ನಿಸಿದ್ದನ್ನು ಅವರು ಈವರೆಗೆ ಯಾರಿಗೂ ಹೇಳಿಲ್ಲ. ಆ ಅಭಿನಂದನೆಯ ಮಾತು ಬಂದಾಗಲೆಲ್ಲ ಅವರ ದವಡೆ ಬಿಗಿಯುವುದನ್ನು ಕಂಡವರು ಊಹಿಸಿಕೊಳ್ಳಬೇಕು.

ಹೆಂಡತಿಯ ಕರೆ ಕಾದಿದ್ದಂತೆ ಬಂತು. ಫೋಟೋಗಳೂ ಬಂದವು, ಎರಡೇ ಪುಟ. ಕನ್ನಡಕ ಮತ್ತೆ ಮೂಗೇರಿತು. ಅವರು ಗಟ್ಟಿಯಾಗಿ, ಒಂದೊಂದೇ ಸಾಲಾಗಿ, ಅಕ್ಕನಿಗೆ ಓದಿ ಹೇಳಿದರು. ಏನು ಮಾಡುತ್ತಾರೆ, ಏನು ಕೆಡಬಹುದು, ಕೆಟ್ಟರೆ ಏನು ಎಂಬುದೆಲ್ಲ ಅದರಲ್ಲಿ ಮನುಷ್ಯರ ಮಾತಿನಲ್ಲಿತ್ತು. ಒಂದು ಕಡೆ, ಅನಿವಾರ್ಯವಾದರೆ ಬೇರೆ ವೈದ್ಯರು ಶಸ್ತ್ರಚಿಕಿತ್ಸೆ ಮಾಡಬಹುದು ಎಂದಿತ್ತು. ಅದು ಯಾರು, ಕೇಳು ಎಂದರು. ವೈದ್ಯೆಯನ್ನು ಕರೆಸಿ ಕೇಳಿದ್ದಾಯಿತು. ಆಕೆ ಬೇಸರಪಡದೆ ಹೆಸರು ಹೇಳಿ, ಆ ಇನ್ನೊಬ್ಬರನ್ನೂ ಮಂಚದ ಬಳಿಗೆ ಕರೆತಂದು ತೋರಿಸಿದಳು. ಕಾಗದದ ಕೊನೆಗೆ ಬಂದಾಗ ತಡಿಯಪ್ಪನವರ ಓದು ನಿಂತಿತು. ಅಲ್ಲಿ ಎರಡು ಚೌಕಗಳಿದ್ದವು: ಒಪ್ಪಿದ್ದೇನೆ, ಒಪ್ಪಿಲ್ಲ.

"ಯಾಕೋ, ಸುಮ್ಮನಾದೆ?" ಎಂದರು ಅಕ್ಕ.

"ನಿನ್ನ ಎದೆ ಕೊಯ್ಯೋರು ಬೇಡ ಅನ್ನೋಕೆ ಜಾಗ ಇಟ್ಟಿದ್ದಾರೆ ಅಕ್ಕ. ಈ ಫೋನಿನವರು ಇಟ್ಟಿಲ್ಲ."

ಅಕ್ಕ, ತಮ್ಮನನ್ನು ಬಾಲ್ಯದಿಂದ ಬಲ್ಲವರು ಕೇಳುವಂತೆ, ಓದದೇ ಒಪ್ಪಿದೆಯಾ ಎಂದು ಮೆಲ್ಲಗೆ ಕೇಳಿದರು. ಇವರು ಹೂಂ ಎಂದರು. ಅತ್ತ ಕಡೆ ಪೆನ್ನು ಕಾಗದದ ಮೇಲೆ ಸರಿದ ಸದ್ದು ಕೇಳಿಸಿತೋ ಇಲ್ಲವೋ, ಕೇಳಿಸಿತೆಂದೇ ಅವರು ಹೇಳುತ್ತಾರೆ.

ಶಸ್ತ್ರಚಿಕಿತ್ಸೆ ಸಸೂತ್ರವಾಗಿ ನಡೆಯಿತು. ಅಕ್ಕ ಹಾಸಿಗೆಯಿಂದೆದ್ದು ಮತ್ತೆ ಗದರಿಸುವ ಅಧಿಕಾರ ವಹಿಸಿಕೊಂಡರು. ಮೊಣಕಾಲಿನ ಊತ ಇಳಿದ ಮೇಲೆ ತಡಿಯಪ್ಪನವರು ಅಂಗಡಿಗೆ ಹೋಗಿ ಫೋನನ್ನು ಗಾಜಿನ ಮೇಲಿಟ್ಟರು. ಏನು ಕೆಟ್ಟಿದೆ ಎಂದು ಕೇಳಿದಳು ಹುಡುಗಿ. ಏನೂ ಕೆಟ್ಟಿಲ್ಲ, ನಾನು ಕೊಟ್ಟ ಒಪ್ಪಿಗೆ ವಾಪಸು ಬೇಕು ಎಂದರು ಇವರು. ಅವಳು ನಗಲಿಲ್ಲ, ಅಷ್ಟು ಮರ್ಯಾದೆಯುಳ್ಳವಳು. ಈ ಬೆಲೆಯ ಫೋನಿನಲ್ಲಿ ಇಷ್ಟೇ ಅಂಕಲ್, ದುಬಾರಿಯದಾದರೆ ಇಷ್ಟು ಕಾಟ ಇರುವುದಿಲ್ಲ ಎಂದಳು.

ತಡಿಯಪ್ಪನವರ ದನಿ ಇಳಿಯಿತು.

"ನೋಡಿ ತಾಯಿ, ನೀವು ಹೇಳಿದ ಬೆಲೆ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಬೆಲೆ ಕಮ್ಮಿ ಅಂತ ನನ್ನ ಹೂಂಗೂ ಬೆಲೆ ಕಮ್ಮಿನಾ?"

ಪಾಪ, ಅವಳ ಕೈಯಲ್ಲೇನಿತ್ತು? ಕಂಪನಿಗೆ ಬರೆಯಿರಿ ಎಂದು ವಿಳಾಸ ಕೊಟ್ಟಳು. ಅವರು ಬರೆದರು, ಕೈಯಿಂದ, ದುಂಡಗೆ. ಕೆಲವು ವಾರಗಳ ನಂತರ ಫೋನಿಗೆ ಸಂದೇಶವೊಂದು ಬಂತು: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಉತ್ತರವನ್ನು ನೋಡಲು ಮೊದಲು ಈ ಕೆಳಗಿನ ಷರತ್ತುಗಳಿಗೆ ಒಪ್ಪಿಗೆ ನೀಡಿ. ಅವರು ಒತ್ತಲಿಲ್ಲ. ಆ ಉತ್ತರದಲ್ಲಿ ಏನಿದೆಯೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಫೋನನ್ನು ಬಿಸಾಡಲೂ ಇಲ್ಲ, ಅಕ್ಕನ ಕರೆ ಬರುವುದು ಅದಕ್ಕೇ. ಮಾತು ಮುಗಿದೊಡನೆ ಅದನ್ನು ಆರಿಸಿ, ನಂಬಿಕೆಗೆಟ್ಟ ಬಾಡಿಗೆದಾರನನ್ನು ಕಾಣುವಂತೆ ಒಮ್ಮೆ ದಿಟ್ಟಿಸಿ, ಗೋಡೆಯ ಗೂಡಿನಲ್ಲಿಡುತ್ತಾರೆ.

ಇಂಥ ಮನುಷ್ಯರು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಹಿಂದೆ ನಿಂತ ನಾವು ಗಡಿಯಾರ ನೋಡುತ್ತೇವೆ, ನಾಲಿಗೆ ಲೊಚಗುಟ್ಟುತ್ತೇವೆ, ಪಕ್ಕದವನಿಗೆ ಕಣ್ಣು ಮಿಟುಕಿಸಿ, ಹಳೇ ಕಾಲದವರು ಎನ್ನುತ್ತೇವೆ. ಅವರಿಗೆ ಸಿಟ್ಟು ಬರುವುದು ದೊಡ್ಡ ಅನ್ಯಾಯಗಳಿಗಲ್ಲ, ಅವುಗಳಿಗೆ ಸಿಟ್ಟಾಗಲು ಜನ ಬೇಕಾದಷ್ಟಿದ್ದಾರೆ. ಕೇಳುವ ನಾಟಕವಾಡಿ ಕೇಳದೇ ಕಸಿದುಕೊಳ್ಳುವ ಸಣ್ಣ ಅವಮಾನ ಅವರನ್ನು ಸುಡುತ್ತದೆ. ನಮ್ಮನ್ನು ಅದು ಸುಡುವುದು ಎಂದೋ ನಿಂತುಹೋಗಿದೆ. ಅವರು ಗೆಲ್ಲುವುದು ಅಪರೂಪ, ಸೋತದ್ದನ್ನು ಒಪ್ಪುವುದು ಇನ್ನೂ ಅಪರೂಪ. ಬೇಡ ಎನ್ನಲಾಗದ ಕಡೆ ಹೇಳಿಸಿಕೊಂಡ ಹೂಂ ಒಪ್ಪಿಗೆಯೇ ಅಲ್ಲ ಎಂದು ಅವರು ಮಾತ್ರ ಪಟ್ಟುಹಿಡಿದು ನಂಬಿದ್ದಾರೆ, ಮತ್ತು ಹಾಗೆ ನಂಬುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿರುವುದನ್ನು ನಾವೆಲ್ಲ, ಓದದೆಯೇ, ಒಪ್ಪಿಕೊಂಡುಬಿಟ್ಟಿದ್ದೇವೆ.