ತಾಳ ತಪ್ಪಿಸಲು ಕಲಿತದ್ದು

ನಮ್ಮ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದ ಹಳೆಯ ಕೋಣೆಯ ಗೋಡೆಗಳಿಗೆ ಕಂದು ಬಣ್ಣದ ಮೆತ್ತನೆಯ ಹೊದಿಕೆಯಿತ್ತು. ಬಾಗಿಲು ಮುಚ್ಚಿದರೆ ಸಾಕು, ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ ಬೀದಿಯ ಗದ್ದಲ ನಿಂತುಬಿಡುತ್ತಿತ್ತು. ಈಗ ಅಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಆದರೂ ಅದರ ಮುಂದೆ ಹಾದುಹೋಗುವಾಗ ನನ್ನ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ.

ಓದು ಮುಗಿಸಿ ಅಲ್ಲಿಗೆ ತರಬೇತಿಗೆ ಸೇರಿದಾಗ ನನಗೆ ಗಂಟಲೇ ಇರಲಿಲ್ಲ ಎನ್ನಬೇಕು. ಹೊರಗೆ ಬೆಂಚಿನ ಮೇಲೆ ಕಾಯುವವರನ್ನು ಕರೆಯಲು ಹೋದರೆ ದನಿ ಹೊಸ್ತಿಲು ದಾಟುತ್ತಿರಲಿಲ್ಲ.

"ಕಿವಿ ಕೇಳದೋರ ಹತ್ರ ಪಿಸುಗುಟ್ತೀಯಲ್ಲಮ್ಮ! ಅದು ಕೇಳ್ಸೋ ಹಾಗಿದ್ರೆ ನಾವ್ಯಾಕೆ ಇಲ್ಲಿಗೆ ಬರ್ತಿದ್ವಿ?" ಎಂದು ಒಬ್ಬ ಮುದುಕ ಒಮ್ಮೆ ಅಂದಾಗ, ಕೇಳಿಸಿದವರೂ ಕೇಳಿಸದವರೂ ಒಟ್ಟಿಗೆ ನಕ್ಕಿದ್ದರು.

ಪರೀಕ್ಷೆ ಮಾಡುವುದೇನೋ ಬರುತ್ತಿತ್ತು. ಆದರೆ "ನಿಮಗೆ ಕೇಳಿಸುವುದು ಕಡಿಮೆಯಾಗಿದೆ" ಎಂದು ಎದುರಿಗಿದ್ದವರಿಗೆ ಹೇಳುವ ಹೊತ್ತಿಗೆ ತಲೆ ತಗ್ಗಿಸಿ ಕಾಗದ ಜೋಡಿಸುತ್ತ ಕೂರುತ್ತಿದ್ದೆ. ಕಲಿಸುತ್ತಿದ್ದ ಮೇಡಂ ಪ್ರತಿಸಲವೂ ನನ್ನ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದರು. ಕೊನೆಗೆ ಅವರಿಗೂ ಸಾಕಾಯಿತು. "ಹೀಗೇ ಆದ್ರೆ ನಿನ್ನನ್ನ ಒಬ್ಬಳೇ ಹೇಗೆ ಕೂರ್ಸೋದು? ಇಟ್ಕೊಳ್ಳೋದಾ ಬೇಡ್ವಾ ಅಂತ ಈ ವಾರ ನಾನು ಹೇಳ್ಬೇಕು" ಎಂದರು.

ಅದೇ ವಾರ ಅಜ್ಜಿ ತಾತನನ್ನು ಎಳೆದುಕೊಂಡು ಬಂದಳು.

ನಾನು ಬೆಳೆದದ್ದು ತಾತನ ಮಡಿಲಲ್ಲಿ. ಸಂಜೆಯಾದರೆ ಅವರು ಕಣ್ಣು ಮುಚ್ಚಿ ದೇವರ ಪದ್ಯಗಳನ್ನು ಹೇಳುತ್ತ, ಅಂಗೈಯಿಂದ ನನ್ನ ಬೆನ್ನ ಮೇಲೆ ತಾಳ ತಟ್ಟುತ್ತಿದ್ದರು. ಅರ್ಥ ಹತ್ತಿರ ಬರುವ ಮೊದಲೇ ನಿದ್ದೆ ಬರುತ್ತಿತ್ತು. ತಾಳ ಮಾತ್ರ ಮೈಯೊಳಗೆ ಇಳಿದು ಕೂತುಬಿಟ್ಟಿತ್ತು.

"ಇವರಿಗೆ ಒಂದೂ ಕೇಳಿಸಲ್ಲ ಕಣೆ. ಬಾಗಿಲು ಬಡಿದು ಬಡಿದು ನನ್ನ ಕೈ ಬಿದ್ದುಹೋಯ್ತು" ಎಂದಳು ಅಜ್ಜಿ.

"ನನಗೆಲ್ಲ ಕೇಳಿಸುತ್ತೆ. ಇವಳು ಗೊಣಗೋದೊಂದು ಬಿಟ್ಟು" ಎಂದರು ತಾತ.

ಅವರನ್ನು ಒಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗಲೆಲ್ಲ ಬೆರಳೆತ್ತಲು ಹೇಳಿದೆ. ಕೋಣೆಯ ಕಿಟಕಿಗಾಜಿನ ಈಚೆ ಕೂತು, ಶಬ್ದ ಕೊಡುವ ಯಂತ್ರದ ಗುಂಡಿ ಒತ್ತಿದೆ. ಬೆರಳು ಎದ್ದಿತು. ಶಬ್ದ ತಗ್ಗಿಸಿದೆ. ಎದ್ದಿತು. ನನಗೇ ಕೇಳುವುದೋ ಇಲ್ಲವೋ ಎನ್ನುವಷ್ಟು ಸಣ್ಣದು ಮಾಡಿದರೂ ಎದ್ದಿತು. ನಾನು ಹಿಗ್ಗಿ, ಹೊರಗೆ ಕೂತಿದ್ದ ಅಜ್ಜಿಯ ಬಳಿಗೆ ಬಂದೆ.

"ಅಜ್ಜಿ, ಸೋತೆ ನೀನು! ತಾತನ ಕಿವಿ ಎಳೆಮಕ್ಕಳ ಕಿವಿ!"

ಪರೀಕ್ಷೆಯನ್ನು ನನ್ನ ಹಿಂದೆ ನಿಂತು ನೋಡಿದ್ದ ಮೇಡಂ ಮಾತ್ರ ನಗಲಿಲ್ಲ. "ಇನ್ನೊಂದು ಸಲ ಮಾಡು. ಮೊದಲು ಜೋರಾಗಿ ಕೊಡು. ಆಮೇಲೆ ಶಬ್ದ ಪೂರ್ತಿ ಆರಿಸಿ ಬರೀ ಗುಂಡಿ ಒತ್ತು" ಎಂದರು.

ಹಾಗೇ ಮಾಡಿದೆ. ಶಬ್ದವೇ ಇಲ್ಲ. ಕಣ್ಣು ಮುಚ್ಚಿ ಕೂತಿದ್ದ ತಾತನ ಬೆರಳು ಮಾತ್ರ ಹೊತ್ತಿಗೆ ಸರಿಯಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಗುಂಡಿಯ ಮೇಲಿದ್ದ ನನ್ನದೇ ಬೆರಳನ್ನು ನೋಡಿದೆ. ಅದು ಬರೀ ಗುಂಡಿ ಒತ್ತುತ್ತಿರಲಿಲ್ಲ, ನನ್ನ ಬೆನ್ನ ಮೇಲೆ ತಾತ ತಟ್ಟುತ್ತಿದ್ದ ಅದೇ ತಾಳವನ್ನು ತಟ್ಟುತ್ತಿತ್ತು.

"ನೀನು ಹಾಡು ಹೇಳೋ ಹಾಗೆ ಗುಂಡಿ ಒತ್ತುತ್ತಿದ್ದೀಯ, ಅವರು ತಾಳ ಹಾಕ್ತಿದ್ದಾರೆ" ಎಂದರು ಮೇಡಂ. "ತಪ್ಪಿಸು. ಅವರು ಕಾಯೋವಾಗ ಸುಮ್ಮನಿರು. ಕಾಯದೆ ಇರೋವಾಗ ಒತ್ತು."

ಹೇಳಿದಷ್ಟು ಸುಲಭವಿರಲಿಲ್ಲ. ತಾತನ ಕೈ ಬಿಡಿಸಿಕೊಂಡು ಓಡಿಹೋದ ಹಾಗಾಗುತ್ತಿತ್ತು. ಪದ್ಯದ ಸಾಲನ್ನು ನಡುವೆಯೇ ನಿಲ್ಲಿಸಿದ ಹಾಗೆ ಬೆರಳು ತಡೆದೆ. ತಾತನ ಬೆರಳು ಅರ್ಧಕ್ಕೆ ಎದ್ದು, ಅನುಮಾನಿಸಿ, ಮಡಿಲಿಗೆ ಮರಳಿತು. ಆಮೇಲೆ ಶಬ್ದವನ್ನು ಸಣ್ಣದಾಗಿ ಮತ್ತೆ ಹಾಕಿ, ತಾಳವಿಲ್ಲದ ಕಡೆ ಒತ್ತಿದೆ, ಮತ್ತೆ ಒತ್ತಿದೆ. ಒಂದಕ್ಕೂ ತಾತನ ಬೆರಳು ಏಳಲಿಲ್ಲ.

"ನಾನು ಹೇಳ್ಲಾ?" ಮೇಡಂ ಮೆಲ್ಲಗೆ ಕೇಳಿದರು.

ನನ್ನ ತಾತನಿಗೆ ಇದನ್ನು ಇನ್ನೊಬ್ಬರು ಹೇಳುವುದೇ? "ಬೇಡ ಮೇಡಂ. ನಾನೇ ಹೇಳ್ತೀನಿ."

ಅಜ್ಜಿಯನ್ನೂ ಒಳಗೆ ಕರೆದು, ಕುರ್ಚಿ ಎಳೆದುಕೊಂಡು ತಾತನ ಎದುರು ಕೂತೆ. ಅವರು ಪದ್ಯ ಬಿಡಿಸಿ ಹೇಳುತ್ತಿದ್ದ ಹಾಗೆಯೇ ಒಂದೊಂದು ಮಾತನ್ನೂ ಗಟ್ಟಿಯಾಗಿ ಬಿಡಿಸಿ ಇಟ್ಟೆ.

"ತಾತ, ನಾನು ತಾಳಕ್ಕೆ ಒತ್ತಿದೆ, ನೀವು ತಾಳಕ್ಕೆ ಬೆರಳೆತ್ತಿದ್ರಿ. ಸಣ್ಣ ಶಬ್ದ ನಿಮಗೆ ಕೇಳಿಸ್ತಿಲ್ಲ. ಅಜ್ಜಿ ಗೊಣಗ್ತಿರಲಿಲ್ಲ, ಮಾತಾಡ್ತಿದ್ಲು."

ತಾತ ಅಜ್ಜಿಯ ಮುಖ ನೋಡಿದರು. "ಇಷ್ಟು ದಿನ ಏನು ಮಾತಾಡ್ತಿದ್ದೆ?"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅದನ್ನೆಲ್ಲ ಈಗ ಮೊದಲಿಂದ ಹೇಳ್ಬೇಕಾ?" ಎಂದಳು.

ತಾತ ನನ್ನತ್ತ ತಿರುಗಿದರು. "ಪದ್ಯ ಹೇಳೋವಾಗ ನನ್ನ ದನಿ ನನಗೆ ಕೇಳಿಸುತ್ತಲ್ಲ ಮಗೂ, ಅದೂ ಭ್ರಮೆನಾ?"

"ಅಲ್ಲ ತಾತ. ಅದನ್ನ ನಾನೂ ಕೇಳಿದ್ದೀನಲ್ಲ."

ಅವರು ನನ್ನ ಬೆನ್ನ ಮೇಲೊಮ್ಮೆ ತಟ್ಟಿ ಎದ್ದರು. ಕಿವಿಗೆ ಹಾಕುವ ಯಂತ್ರಕ್ಕೆ ಅಳತೆ ಕೊಡಲು ಯಾವಾಗ ಬರಬೇಕೆಂದು ಕೇಳಿಕೊಂಡು ಅಜ್ಜಿಯೊಡನೆ ಹೊರಟರು. ಮೇಡಂ ತಮ್ಮ ಕನ್ನಡಕವನ್ನೂ ನೀರಿನ ಲೋಟವನ್ನೂ ಪರೀಕ್ಷೆಯ ಮೇಜಿನಿಂದ ಎತ್ತಿಕೊಂಡರು. ಇನ್ನು ಆ ಮೇಜು ನನ್ನದು ಎಂದು ಅರ್ಥವಾಗಲು ನನಗೆ ಗಳಿಗೆ ಹಿಡಿಯಿತು.

"ಮುಂದಿನವರನ್ನ ಕರಿ" ಎಂದು ಹೇಳಿ ಹೋದರು.

ಬಾಗಿಲಿಗೆ ಬಂದು, ಉಸಿರು ತುಂಬಿಕೊಂಡು ಕರೆದೆ. ಕೊನೆಯ ಬೆಂಚಿನಿಂದ ಒಬ್ಬರು ಎದ್ದರು. ಅವರಿಗಿಂತಲೂ ಆಚೆ, ಹೊರಬಾಗಿಲು ದಾಟುತ್ತಿದ್ದ ತಾತ ನಿಂತು, ತಿರುಗಿ ನೋಡಿದರು.