ಸೋದರಮಾವನ ಸರಾಸರಿ

2006ರ ಮೇ ತಿಂಗಳಲ್ಲಿ ಬೊಂಬಾಯಿ ಹತ್ತಿರದ ಡೊಂಬಿವಲಿಯಲ್ಲಿ, ಕರಾವಳಿಯಿಂದ ಬಂದು ನೆಲೆಸಿದ ಊರವರ ಸಂಘದಲ್ಲಿ ಯಾರೋ ಡಾಕ್ಟರು ಭಾಷಣ ಮಾಡಿ ಹೋದರು. ಅದರ ಬಿಸಿ ತಟ್ಟಿದ್ದು ಜಯಲತಾಳಿಗೆ. ತಂದೆ ಜೊತೆಗಿಲ್ಲದ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ, ದಾರಿ ತಪ್ಪುವುದೂ ಹೆಚ್ಚು ಎಂದು ಯಾವುದೋ ಅಧ್ಯಯನ ಹೇಳಿದೆಯಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಣ್ಣ ತಾರಾನಾಥ ಅದನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಮನೆಗೆ ತಂದ. ಕಲ್ಯಾಣದಲ್ಲಿ ಹೋಟೆಲು ನಡೆಸುವ ಅವನಿಗೆ ಅಲ್ಲಿಯವರೆಗೆ ಸಂಶೋಧನೆ ಎಂದರೆ ಎದುರಿನ ಹೋಟೆಲಿನವನು ದೋಸೆಗೆ ಎಷ್ಟು ದರ ಹಾಕಿದ್ದಾನೆ ಎಂಬುದಷ್ಟೇ.

ಜಯಲತಾ ಮಗಳು ಪ್ರಣೀತಾಳನ್ನು ಕರೆದುಕೊಂಡು, ಘೋಡಬಂದರ್ ರಸ್ತೆಯ ಗಂಡನ ಮನೆ ಬಿಟ್ಟು ಅಣ್ಣನ ಫ್ಲ್ಯಾಟಿಗೆ ಬಂದಿದ್ದಳು. ಗಂಡ ಶಿವರಾಯ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವವನು. ಜೂನ್‌ನಲ್ಲಿ ಹುಡುಗಿಯನ್ನು ಇಲ್ಲಿನ ಶಾಲೆಗೆ ಸೇರಿಸಬೇಕು, ಅಣ್ಣ ಒಂದು ವರ್ಷ ಜಾಗ ಕೊಡಬೇಕು; ಅವಳಿಗೆ ಬೇಕಿದ್ದದ್ದು ಇಷ್ಟೇ.

"ನಾನಲ್ಲ ಹೇಳುವುದು, ರಿಸರ್ಚ್ ಹೇಳ್ತದೆ. ಮಗುವಿನ ಮುಖ ನೋಡಿಯಾದ್ರೂ ವಾಪಸ್ ಹೋಗು ಮಾರಾಯ್ತಿ," ಎಂದ ತಾರಾನಾಥ.

ಜಯಲತಾ ಮಹಾಪೆಯ ಸರ್ವೆ ಕಂಪನಿಯೊಂದರಲ್ಲಿ ಇಂಥ ಅಂಕಿಗಳ ಜೊತೆಗೇ ದಿನ ಕಳೆಯುವವಳು. "ಅಣ್ಣಾ, ಅದು ಸರಾಸರಿ. ಅಪ್ಪ ಅಮ್ಮ ನೆಮ್ಮದಿಯಾಗಿರುವ ಮನೆಗಳೂ ಅದರಲ್ಲಿ ಉಂಟು. ಪ್ರಣೀತಾಳನ್ನು ಆ ಮಕ್ಕಳ ಜೊತೆ ಹೋಲಿಸಿ ಎಂಥ ಪ್ರಯೋಜನ? ತಟ್ಟೆ ಹಾರುವ ಮನೆಯಲ್ಲೇ ಉಳಿದ ಮಕ್ಕಳ ಜೊತೆ ಹೋಲಿಸ್ಬೇಕು. ಅವರ ಬಗ್ಗೆ ಡಾಕ್ಟ್ರು ಎಂಥ ಹೇಳಿದ್ರು?"

"ಅದೆಲ್ಲ ಕೇಳ್ಲಿಕ್ಕೆ ಟೈಮ್ ಎಲ್ಲಿತ್ತು? ಊಟಕ್ಕೆ ಬಡಿಸಿ ಆಗಿತ್ತು."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನಾವು ಬೆಳೆದದ್ದೆಲ್ಲಿ? ಅಜ್ಜಿಯ ಮನೆಯಲ್ಲಿ. ಅಪ್ಪ ನೆಂಟರ ಹಾಗೆ ಬಂದು ಹೋಗ್ತಿದ್ರು. ಶಾಲೆಗೆ ಸೇರಿಸಿದ್ದು, ಬೈದದ್ದು, ನಿನ್ನನ್ನು ಬೊಂಬಾಯಿ ಬಸ್ಸು ಹತ್ತಿಸಿದ್ದು, ಎಲ್ಲ ಚೆನ್ನಯ ಮಾವ. ಆ ಡಾಕ್ಟರ ಲೆಕ್ಕದಲ್ಲಿ ನಾವಿಬ್ರೂ ದಾರಿ ತಪ್ಪಬೇಕಿತ್ತಲ್ಲ?"

"ನಮಗೆ ಮಾವ ಇದ್ರು, ಜಯಾ!" ಎಂದ ತಾರಾನಾಥ, ಗೆದ್ದವನಂತೆ.

ಅಳಿಯಕಟ್ಟಿನ ಮನೆತನ ಅವರದು. ಮಕ್ಕಳು ತಾಯಿಯ ಕಡೆಗೆ ಸೇರಿದವರು, ಅವರ ಹೊಣೆ ಸೋದರಮಾವನದು. ಮದುವೆಮನೆಗಳಲ್ಲಿ ಸೋದರಮಾವನ ಮರ್ಯಾದೆ ಪಡೆಯುವಾಗ ತಾರಾನಾಥನಿಗೆ ಈ ಕಟ್ಟು ಚೆನ್ನಾಗಿಯೇ ನೆನಪಿರುತ್ತಿತ್ತು.

ಜಯಲತಾ ಅವನ ಮುಖವನ್ನೇ ನೋಡಿದಳು. ಪ್ರಣೀತಾಳಿಗೆ ಆ ಮಾವ ತಾನೇ ಎಂಬುದು ಆಗ ಅವನಿಗೇ ಹೊಳೆಯಿತು. ಅವನು ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ. ಅಲ್ಲಿ ಅವನ ಹೆಂಡತಿ ಮುಕ್ತಾ ನಲ್ಲಿ ನಿಲ್ಲಿಸಿ ಕಿವಿಗೊಟ್ಟಿದ್ದಳು.

"ಆ ಕಾಲ ಬೇರೆ," ಎಂದ ಸಣ್ಣ ದನಿಯಲ್ಲಿ. "ಇಲ್ಲಿರುವುದೇ ಎರಡು ರೂಮು. ನನ್ನಿಂದ ಆಗ್ಲಿಕ್ಕಿಲ್ಲ."

ಗಂಡ ತಟ್ಟೆ ಎಸೆದ ದಿನವೂ ಜಯಲತಾಳಿಗೆ ಇಷ್ಟು ಒಂಟಿ ಎನಿಸಿರಲಿಲ್ಲ. ಅವಳು ಎದ್ದು ನಿಂತಳು.

"ಘೋಡಬಂದರಿಗೆ ನಾನು ಹೋಗುವುದಿಲ್ಲ. ಆಫೀಸಿನ ಹತ್ತಿರ, ರಬಾಳೆಯಲ್ಲಿ ಎಲ್ಲಾದ್ರೂ ಒಂದು ಕೋಣೆ ನೋಡ್ತೇನೆ. ಆದ್ರೆ ನಿನ್ನ ರಿಸರ್ಚ್ ಸುಳ್ಳಲ್ಲ ಅಣ್ಣಾ. ಇಂಥ ಮಕ್ಕಳು ಹಿಂದೆ ಬೀಳ್ತಾರೆ. ಯಾಕೆ ಬೀಳ್ತಾರೆ ಅಂತ ನನಗೆ ಇವತ್ತು ಗೊತ್ತಾಯ್ತು."

ಪ್ರಣೀತಾಳ ಬಟ್ಟೆ ತುಂಬಲು ಅವಳು ಒಳಗೆ ಹೋದಳು. ತಾರಾನಾಥ ತಡೆಯಲಿಲ್ಲ.